ಕಿತ್ತೂರಿಗೆ ಬಂದ ಫೋನ್ ಪೆಟ್ಟಿಗೆ

ಕಿತ್ತೂರು ಅಂದ ಕೂಡಲೇ ನಮಗೆಲ್ಲ ನೆನಪಾಗೋದು ರಾಣಿ ಚೆನ್ನಮ್ಮ, 1824ರ ಯುದ್ಧ, ಥ್ಯಾಕರೆ, ಆ ಪಾಳುಬಿದ್ದ ಕೋಟೆ. ಇದೇ ಊರಿಗೆ ಇನ್ನೊಂದು ಸಣ್ಣ ಇತಿಹಾಸವೂ ಇದೆ. ಅದಕ್ಕೆ ಉತ್ಸವವಿಲ್ಲ, ಮೆರವಣಿಗೆಯಿಲ್ಲ. 1986ರ ಜುಲೈ ತಿಂಗಳಲ್ಲಿ, ನಮ್ಮ ದೇಶದಲ್ಲೇ ವಿನ್ಯಾಸಗೊಂಡ ಮೊದಲ ಗ್ರಾಮೀಣ ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿದ್ದು ಇಲ್ಲೇ. ಬೆಳಗಾವಿ ಮತ್ತು ಧಾರವಾಡದ ನಡುವೆ ಹೆದ್ದಾರಿಯ ಪಕ್ಕದ ಈ ಊರಿನಿಂದ ಶುರುವಾದ ಕಥೆಯೇ ಇವತ್ತು ನಿಮ್ಮ ಕೈಯಲ್ಲಿರುವ ಫೋನ್‌ವರೆಗೂ ಬಂದಿದೆ. ಫೋನ್ ಬಂದರೆ ಊರಿನ ದುಡ್ಡು ಹೆಚ್ಚುತ್ತದೆಯೇ, ಹೆಚ್ಚಿದರೆ ಯಾರದ್ದು ಹೆಚ್ಚುತ್ತದೆ ಎನ್ನುವ ಪ್ರಶ್ನೆಯೂ ಅಲ್ಲಿಂದಲೇ ಶುರು.

ಅದಕ್ಕೂ ಮೊದಲಿನ ಕಾಲ ಹೇಗಿತ್ತು ಅಂತ ಮನೆಯ ಹಿರಿಯರನ್ನು ಕೇಳಿ. ಊರಿಗೊಂದು ಫೋನ್ ಇದ್ದರೆ ಅದೇ ದೊಡ್ಡದು. ಗೌಡರ ಮನೆಯಲ್ಲೋ, ಮಂಡಿಯಲ್ಲೋ, ಪೋಸ್ಟ್ ಆಫೀಸಿನಲ್ಲೋ. ಬೇರೆ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕು. ಲೈನ್ ಸಿಕ್ಕರೂ ಊರಿಗೆಲ್ಲ ಕೇಳುವ ಹಾಗೆ ಕೂಗಬೇಕು. ಸಾವಿನ ಸುದ್ದಿಗೆ ಟೆಲಿಗ್ರಾಂ. ಟೆಲಿಗ್ರಾಂ ಬಂತು ಅಂದರೆ ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. 1980ರಲ್ಲಿ 70 ಕೋಟಿ ಜನರ ಈ ದೇಶದಲ್ಲಿ ಇದ್ದದ್ದು 25 ಲಕ್ಷಕ್ಕಿಂತ ಕಡಿಮೆ ಫೋನು. ಸಾರ್ವಜನಿಕ ಫೋನುಗಳು ಸುಮಾರು 12,000 ಮಾತ್ರ. ಸುಮಾರು ಆರು ಲಕ್ಷ ಹಳ್ಳಿಗಳಲ್ಲಿ ನೂರಕ್ಕೆ 97ರಲ್ಲಿ ಒಂದು ಫೋನೂ ಇರಲಿಲ್ಲ. ಫೋನ್ ಅಂದರೆ ಶ್ರೀಮಂತರ ಶೋಕಿ, ಬಡ ದೇಶಕ್ಕೆ ಅದು ಯಾಕೆ ಎನ್ನುವ ಮಾತು ಸರ್ಕಾರದಲ್ಲಿದ್ದವರ ಬಾಯಲ್ಲೂ ಇತ್ತು.

ಆದರೆ ಸುದ್ದಿಗೆ ಬೆಲೆ ಇದೆ ಅನ್ನೋದು ನಮ್ಮ ಸೀಮೆಗೆ ಹೊಸದಲ್ಲ. ಧಾರವಾಡ ಸೀಮೆಯ ಹತ್ತಿಯನ್ನೇ ನೋಡಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ಹೆಚ್ಚುಕಡಿಮೆ ನಿಂತಿತು. ಬೊಂಬಾಯಿಯಲ್ಲಿ ಹತ್ತಿಯ ಬೆಲೆ ಆಕಾಶಕ್ಕೇರಿತು, ಧಾರವಾಡದ ಹೊಲಗಳಿಗೂ ಅದರ ಬಿಸಿ ತಟ್ಟಿತು. 1865ರಲ್ಲಿ ಯುದ್ಧ ಮುಗಿದಾಗ ಬೆಲೆ ಕುಸಿದುಬಿತ್ತು. ಅದೇ ವರ್ಷ ಇಂಗ್ಲೆಂಡಿಗೂ ಇಂಡಿಯಾಕ್ಕೂ ನಡುವೆ ತಂತಿ ಸಂಪರ್ಕ ಬಂತು. ಅಲ್ಲಿಂದ ಮುಂದೆ ಲಿವರ್‌ಪೂಲಿನ ಬೆಲೆ ಬೊಂಬಾಯಿಯ ವ್ಯಾಪಾರಿಗೆ ತಂತಿಯಲ್ಲಿ ಬರತೊಡಗಿತು. ಹತ್ತಿ ಬೆಳೆದವನಿಗೆ ಮಾತ್ರ ಅದು ಖರೀದಿಗೆ ಬಂದವನ ಬಾಯಿಂದಲೇ ತಿಳಿಯಬೇಕು. ಅವನು ಹೇಳಿದ್ದೇ ರೇಟು.

ಮುಂದಿನ ನೂರು ವರ್ಷ ಹಳ್ಳಿಯ ಮಟ್ಟಿಗೆ ಇದರಲ್ಲಿ ದೊಡ್ಡ ಬದಲಾವಣೆ ಆಗಲಿಲ್ಲ. ರೇಡಿಯೋ ಬಂತು, ಪತ್ರಿಕೆ ಬಂತು. ಅವು ಹೇಳುತ್ತಿದ್ದವು, ಆದರೆ ನಾವು ತಿರುಗಿ ಕೇಳುವ ಹಾಗಿರಲಿಲ್ಲ.

1984ರ ಆಗಸ್ಟ್‌ನಲ್ಲಿ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. 36 ತಿಂಗಳು ಸಮಯ, 36 ಕೋಟಿ ರೂಪಾಯಿ ದುಡ್ಡು. ಅಷ್ಟರೊಳಗೆ ನಮ್ಮದೇ ಡಿಜಿಟಲ್ ಎಕ್ಸ್‌ಚೇಂಜ್ ಆಗಬೇಕು. ಇದರ ಹಿಂದೆ ಇದ್ದವರು ಸ್ಯಾಮ್ ಪಿತ್ರೋಡಾ. ಒಡಿಶಾದ ಟಿಟ್ಲಾಗಢದಲ್ಲಿ ಹುಟ್ಟಿದವರು, 1964ರಲ್ಲಿ ಅಮೆರಿಕಕ್ಕೆ ಹೋಗುವ ತನಕ ಫೋನನ್ನೇ ಬಳಸದವರು. ಜೊತೆಗೆ ಜಿ.ಬಿ. ಮೀಮಾಂಸಿ, ಎಂ.ವಿ. ಪಿಟ್ಕೆ ಮುಂತಾದವರು, ದೆಹಲಿ ಮತ್ತು ಬೆಂಗಳೂರಿನಲ್ಲಿ ಕೂತ ನೂರಾರು ಯುವ ಇಂಜಿನಿಯರುಗಳು.

ಇವರು ಮಾಡಿದ ಒಂದು ಜಾಣತನವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಆಗ ವಿದೇಶಿ ಕಂಪನಿಗಳು ಮಾರುತ್ತಿದ್ದ ಎಕ್ಸ್‌ಚೇಂಜ್‌ಗಳು ಸಾವಿರಾರು ಲೈನುಗಳವು, ನಗರಗಳಿಗೆ ಹೊಂದುವಂಥವು. ಅವುಗಳಿಗೆ ಎ.ಸಿ. ಬೇಕು, ಧೂಳು ಇರಬಾರದು, ಕರೆಂಟ್ ಹೋಗಬಾರದು. ನಮ್ಮ ಹಳ್ಳಿಯಲ್ಲಿ ಈ ಮೂರೂ ಸಿಗುವುದಿಲ್ಲ. ಸಿ-ಡಾಟ್‌ನವರು ಕಡಿಮೆ ಕರೆಂಟ್ ತಿನ್ನುವ ಬಿಡಿಭಾಗಗಳನ್ನು ಆರಿಸಿದರು, ಹಾಗಾಗಿ ಯಂತ್ರ ಅಷ್ಟು ಬಿಸಿಯಾಗುತ್ತಿರಲಿಲ್ಲ. ಬಿಸಿಗಾಳಿ ತಾನಾಗಿಯೇ ಮೇಲೆ ಹೋಗಿ ಯಂತ್ರ ತಣ್ಣಗಾಗುವ ಹಾಗೆ, ಧೂಳು ಒಳಗೆ ನುಗ್ಗದ ಹಾಗೆ ಪೆಟ್ಟಿಗೆ ಮಾಡಿದರು. ಸಣ್ಣ ಫ್ರಿಜ್ಜಿನಷ್ಟು ಗಾತ್ರ. ಗಾಡಿಯಲ್ಲಿ ಹಾಕಿಕೊಂಡು ಹೋಗಿ ಒಂದು ಕೋಣೆಯಲ್ಲಿ ಇಟ್ಟರೆ ಆಯಿತು. 128 ಪೋರ್ಟುಗಳು, ಅಂದರೆ ಸುಮಾರು ನೂರು ಮನೆ-ಅಂಗಡಿಗಳಿಗೆ ಸಂಪರ್ಕ. ಇದೇ ಕಿತ್ತೂರಿಗೆ ಬಂದ ಪೆಟ್ಟಿಗೆ. ನಗರದ ದೊಡ್ಡ ಎಕ್ಸ್‌ಚೇಂಜ್ ಹೇಳಿದ ಗಡುವಿನಲ್ಲಿ ಮುಗಿಯಲಿಲ್ಲ, ಹಳ್ಳಿಯದು ಮೊದಲು ಮುಗಿಯಿತು. ನಮ್ಮ ದೇಶದಲ್ಲಿ ಹೀಗಾಗುವುದು ಅಪರೂಪ.

ಫೋನ್ ಬಂದ ಮೇಲೆ ಏನಾಯಿತು? 1993ರಲ್ಲಿ ಪಿತ್ರೋಡಾ ಒಂದು ಅಮೆರಿಕನ್ ವಾಣಿಜ್ಯ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದರು. ಅದರಲ್ಲಿ ಸುಮಾರು 5,000 ಜನರ ಒಂದು ಊರಿನ ಉದಾಹರಣೆ ಇದೆ. ನೂರು ಲೈನಿನ ಎಕ್ಸ್‌ಚೇಂಜ್ ಬಂದ ಆರು ತಿಂಗಳಲ್ಲಿ ಆ ಊರಿನ ಬ್ಯಾಂಕ್ ಠೇವಣಿ ಶೇಕಡಾ 80ರಷ್ಟು ಏರಿತಂತೆ. ಲಾರಿ ಮಾಲೀಕ ಕೂತಲ್ಲಿಂದಲೇ ಡ್ರೈವರ್ ಎಲ್ಲಿದ್ದಾನೆ ಎಂದು ವಿಚಾರಿಸಿದ, ಲೋಡ್ ಗೊತ್ತುಮಾಡಿದ. ರೈತ ಹತ್ತಿರದ ಪೇಟೆಗೆ ಫೋನ್ ಮಾಡಿ ರೇಟು ಕೇಳಿದ. ಅಂಗಡಿಯವನು ಮಾಲಿಗೆ ಆರ್ಡರ್ ಕೊಟ್ಟ.

80 ಅನ್ನುವ ಆ ಅಂಕಿಯನ್ನು ನಾವು ಸ್ವಲ್ಪ ತಡೆದೇ ತೆಗೆದುಕೊಳ್ಳುತ್ತೇವೆ. ಯೋಜನೆ ನಡೆಸಿದವರೇ ಹೇಳಿದ ಮಾತು, ಒಂದೇ ಊರು, ಆರೇ ತಿಂಗಳು. ಒಂದು ಒಳ್ಳೆಯ ಸುಗ್ಗಿ ಬಂದರೂ ಠೇವಣಿ ಏರುತ್ತದೆ. ಆದರೆ ಲಾರಿ ಮಾಲೀಕನ ಉದಾಹರಣೆಯಲ್ಲಿ ಸತ್ಯವಿದೆ. ಫೋನ್ ದುಡ್ಡು ಹುಟ್ಟಿಸುವುದಿಲ್ಲ, ವ್ಯರ್ಥವಾಗುವುದನ್ನು ಉಳಿಸುತ್ತದೆ. ಖಾಲಿ ಬರುವ ಲಾರಿಯ ಡೀಸೆಲ್, ಮೆಕ್ಯಾನಿಕ್ ಇದ್ದಾನೋ ಇಲ್ಲವೋ ನೋಡಲು ಪೇಟೆಗೆ ಹೋಗಿ ಕಳೆದುಕೊಂಡ ಒಂದು ದಿನದ ಕೂಲಿ, ಇವೆಲ್ಲ ಉಳಿಯುತ್ತವೆ.

ಆಮೇಲಿನದು ಎಸ್‌ಟಿಡಿ ಬೂತ್‌ಗಳ ಕಾಲ. ಹಳದಿ ಬೋರ್ಡು, ಗಾಜಿನ ಗೂಡು, ಕೆಂಪು ಅಂಕಿಗಳಲ್ಲಿ ಓಡುವ ಮೀಟರು. ಮೀಟರ್ ನೋಡುತ್ತಾ ಮಾತು ಮರೆತವರು ಎಷ್ಟೋ ಜನ. ರಾತ್ರಿ ದರ ಇಳಿಯುತ್ತದೆ ಎಂದು ಊಟ ಮುಗಿಸಿ ಸಾಲು ನಿಲ್ಲುತ್ತಿದ್ದರು. ಮದುವೆ ಕಾಗದದಲ್ಲಿ ‘ಪಿ.ಪಿ.’ ಎಂದು ಬರೆದು ಪಕ್ಕದ ಮನೆಯ ನಂಬರ್ ಹಾಕುತ್ತಿದ್ದರು. ಬೂತೇ ಒಂದು ಜೀವನೋಪಾಯವಾಯಿತು, ಅಂಗವಿಕಲರೂ ಸೇರಿ ಲಕ್ಷಾಂತರ ಜನ ಕಮಿಷನ್ ಮೇಲೆ ಬದುಕಿದರು. 2003ರಲ್ಲಿ ಮೊಬೈಲಿನ ಒಳಬರುವ ಕರೆ ಉಚಿತವಾದ ಮೇಲೆ ಆ ಜೀವನೋಪಾಯ ಕರಗುತ್ತಾ ಹೋಯಿತು. ಬೆಳವಣಿಗೆಯ ಲೆಕ್ಕದಲ್ಲಿ ಈ ಕಳೆದುಕೊಂಡವರ ಕಾಲಂ ಸಾಮಾನ್ಯವಾಗಿ ಇರುವುದಿಲ್ಲ.

ಮೊಬೈಲ್ ಏನು ಮಾಡಿತು ಎನ್ನುವುದನ್ನು ಗಟ್ಟಿಯಾಗಿ ಅಳೆದದ್ದು ನಮ್ಮ ಪಕ್ಕದ ಕೇರಳದಲ್ಲಿ. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ 1996ರಿಂದ 2001ರವರೆಗೆ ಉತ್ತರ ಕೇರಳದ 15 ಕಡಲತಡಿ ಮಾರುಕಟ್ಟೆಗಳ ಮೀನಿನ ಬೆಲೆಯನ್ನು ವಾರವಾರ ಬರೆದಿಟ್ಟರು. ಮೀನು ಯಾವುದು ಗೊತ್ತೆ? ಬಡವರ ಮೀನು ಬೂತಾಯಿ, ಉತ್ತರ ಕನ್ನಡದವರು ತಾರ್ಲೆ ಅನ್ನುವುದು. 1997ರ ಜನವರಿ 14ರ ಒಂದು ಬೆಳಗಿನ ಲೆಕ್ಕ ಅವರ ಅಧ್ಯಯನದಲ್ಲಿದೆ. ವಡಗರದ ದಡದಲ್ಲಿ ಕೊಳ್ಳುವವರೇ ಇಲ್ಲದೆ 11 ಮೀನುಗಾರರು ಹಿಡಿದ ಮೀನನ್ನು ಸುರಿದುಬಿಡುವ ಸ್ಥಿತಿಯಲ್ಲಿದ್ದರು. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗಿನ ಬೇರೆ ದಡಗಳಲ್ಲಿ 27 ಜನ ಮೀನು ಸಿಗದೆ ಖಾಲಿ ಬುಟ್ಟಿಯಲ್ಲಿ ವಾಪಸ್ ಹೊರಟಿದ್ದರು.

ಆ ವರ್ಷವೇ ಕೋಳಿಕೋಡ್ ಕಡೆ ಮೊಬೈಲ್ ಟವರ್ ಬಂತು. 1998ರಲ್ಲಿ ಕಣ್ಣೂರು, 2000ದಲ್ಲಿ ಕಾಸರಗೋಡು. 1956ರವರೆಗೆ ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿದ್ದ ಕಾಸರಗೋಡಿಗೆ ಸಿಗ್ನಲ್ ಕೊನೆಗೆ ಬಂದದ್ದು ಅಧ್ಯಯನಕ್ಕೆ ಅನುಕೂಲವೇ ಆಯಿತು. ಫೋನ್ ಬಂದ ಕಡೆ, ಬರದ ಕಡೆ ಎಂದು ಹೋಲಿಸಿ ನೋಡಲು ಸಾಧ್ಯವಾಯಿತು. ಸಿಗ್ನಲ್ ಕಡಲೊಳಗೆ 20-25 ಕಿಲೋಮೀಟರ್ ಹೋಗುತ್ತಿತ್ತು. ದೋಣಿಯಲ್ಲಿರುವಾಗಲೇ ಫೋನ್ ಮಾಡಿ ಎಲ್ಲಿ ರೇಟು ಚೆನ್ನಾಗಿದೆಯೋ ಆ ದಡಕ್ಕೆ ತಿರುಗಿಸಿದರು. ಮೊದಲು ಹಿಡಿದ ಮೀನಿನಲ್ಲಿ ನೂರಕ್ಕೆ 5ರಿಂದ 8 ಭಾಗ ಪೋಲಾಗುತ್ತಿತ್ತು, ಅದು ಬಹುತೇಕ ನಿಂತಿತು. ಮೀನುಗಾರರ ಲಾಭ ಸರಾಸರಿ ಶೇಕಡಾ 8 ಹೆಚ್ಚಿತು, ಕೊಳ್ಳುವವರಿಗೆ ಬೆಲೆ ಶೇಕಡಾ 4 ಇಳಿಯಿತು. ಇಬ್ಬರಿಗೂ ಲಾಭ ಅನ್ನುವುದು ಮಾರುಕಟ್ಟೆಯಲ್ಲಿ ದಿನಾ ಕಾಣುವ ಸಂಗತಿಯಲ್ಲ.

2007ರಲ್ಲಿ ಪ್ರಕಟವಾದ ಈ ಅಧ್ಯಯನ ಜಗತ್ತಿಗೆಲ್ಲ ಹಬ್ಬಿತು. ಆದರೆ ಆಮೇಲೆ ಕೇರಳದ ಕಡಲತೀರಕ್ಕೆ ಹೋದ ಬೇರೆ ಸಂಶೋಧಕರು ಇನ್ನೊಂದು ವಿಷಯ ಕಂಡರು. ದೋಣಿ, ಬಲೆ, ಎಂಜಿನ್‌ಗೆ ಸಾಲ ಕೊಟ್ಟವನು ಹರಾಜುದಾರ. ಸಾಲ ಇರುವ ತನಕ ಮೀನು ಅವನ ಮೂಲಕವೇ ಮಾರಬೇಕು. ಅಂಥವನಿಗೆ ಪಕ್ಕದ ದಡದ ರೇಟು ಫೋನಿನಲ್ಲಿ ತಿಳಿದು ಏನು ಪ್ರಯೋಜನ?

ಈ ಮಾತು ಓದಿದಾಗ ನಮಗೆ ಕಡಲು ಕಾಣಲಿಲ್ಲ, ನಮ್ಮ ಎಪಿಎಂಸಿ ಯಾರ್ಡು ಕಂಡಿತು.

ಕರ್ನಾಟಕ ಈ ವಿಷಯದಲ್ಲಿ ಸುಮ್ಮನೆ ಕೂತ ರಾಜ್ಯವಲ್ಲ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಗ್ರಾಮ ಲೆಕ್ಕಿಗರ ಹಿಂದೆ ತಿರುಗುವ ಬದಲು ಆಗ 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲಿ ಪಹಣಿ ಸಿಗುತ್ತಿತ್ತು. ಬ್ಯಾಂಕ್ ಸಾಲಕ್ಕೆ ಅದು ದೊಡ್ಡ ಅನುಕೂಲ. ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡ ಕುಳಗಳಿಗೂ ಅದೇ ದಾಖಲೆ ಅಷ್ಟೇ ಅನುಕೂಲವಾಯಿತು ಎಂದು 2007ರಲ್ಲಿ ಒಂದು ಅಧ್ಯಯನ ವಾದಿಸಿತು.

2014ರಿಂದ ರಾಜ್ಯದ ಮಾರುಕಟ್ಟೆಗಳನ್ನು ಒಂದೊಂದಾಗಿ ಏಕೀಕೃತ ಆನ್‌ಲೈನ್ ವೇದಿಕೆಗೆ ಸೇರಿಸಿದರು. ಎಲ್ಲಿಯ ವ್ಯಾಪಾರಿಯೂ ನಿಮ್ಮ ಲಾಟಿಗೆ ಬೆಲೆ ಕೂಗಬಹುದು ಎನ್ನುವುದು ಇದರ ಆಸೆ. ಸಂಶೋಧಕರು ಇದನ್ನೂ ಅಳೆದು 2020ರಲ್ಲಿ ಪ್ರಕಟಿಸಿದರು. ಭತ್ತದ ಬೆಲೆ ಶೇಕಡಾ 5.1, ಶೇಂಗಾ 3.6, ಮೆಕ್ಕೆಜೋಳ 3.5 ಹೆಚ್ಚಿದೆ. ಹತ್ತಿ, ಹೆಸರು, ತೊಗರಿಯಲ್ಲಿ ಗಮನಿಸುವಂಥ ಬದಲಾವಣೆ ಇಲ್ಲ. ಕ್ವಿಂಟಲಿಗೆ 2,000 ರೂಪಾಯಿ ಇರುವ ಭತ್ತಕ್ಕೆ 5.1 ಅಂದರೆ ನೂರಾ ಎರಡು ರೂಪಾಯಿ. ಹಮಾಲಿ, ಬಾಡಿಗೆ ಕೊಟ್ಟು ಬರುವವನಿಗೆ ಇದು ಸಣ್ಣ ಮೊತ್ತವಲ್ಲ.

ಕಲಬುರಗಿಯ ತೊಗರಿಯವರಿಗೂ ಧಾರವಾಡದ ಹತ್ತಿಯವರಿಗೂ ಆ ಸಣ್ಣ ಮೊತ್ತವೂ ಸಿಗಲಿಲ್ಲ. ಅವರಿಗೂ ಫೋನ್ ಇದೆ, ರೇಟು ದಿನಾ ಬರುತ್ತದೆ. ಬಿತ್ತನೆಗೆ ಬೀಜ, ಗೊಬ್ಬರ, ಮಗಳ ಮದುವೆಗೆ ಮುಂಗಡ ದಲಾಲರ ಅಂಗಡಿಯಿಂದ ತಂದವರು ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ನಾಲ್ಕು ಪೇಟೆಗಳ ರೇಟು ನೋಡುತ್ತಾರೆ, ಟ್ರ್ಯಾಕ್ಟರ್ ಹೇರುತ್ತಾರೆ, ಅದೇ ಅಂಗಡಿಯ ಮುಂದೆ ಇಳಿಸುತ್ತಾರೆ.