ನಡೆಯುವಾಗ ಓಲಾಟ: ‘ನರದೌರ್ಬಲ್ಯ’ ಎಂದು ಕಾಯುವುದು ಸರಿಯೇ? ಆಟೋಇಮ್ಯೂನ್ ಅಟಾಕ್ಸಿಯಾ ಬಗ್ಗೆ ತಿಳಿಯಿರಿ

“ನಡೆಯುವಾಗ ತೂರಾಡುತ್ತೀರಾ? ಅದು ನರದೌರ್ಬಲ್ಯ. ಬಿ12 ಇಂಜೆಕ್ಷನ್ ಹಾಕಿಸಿಕೊಳ್ಳಿ, ಇಮ್ಯುನಿಟಿ ಹೆಚ್ಚಿಸುವ ಕಷಾಯ ಕುಡಿಯಿರಿ.” ಇಂತಹ ಸಲಹೆಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಕಾಣುತ್ತವೆ. ಬಿ12 ಕೊರತೆಯಿಂದಲೂ ಓಲಾಟ ಬರುತ್ತದೆ ಎನ್ನುವುದು ನಿಜ. ಆದರೆ ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಸ್ವಂತ ಮೆದುಳಿನ ಮೇಲೆ ದಾಳಿ ಮಾಡುತ್ತಿರುತ್ತದೆ. ಅಂಥವರಿಗೆ ಇಮ್ಯುನಿಟಿಯನ್ನು ತಗ್ಗಿಸುವ ಔಷಧಿ ಬೇಕು, ಅದೂ ಬೇಗ ಬೇಕು.

ಏನಿದು ಕಾಯಿಲೆ?

ತಲೆಯ ಹಿಂಬದಿಯಲ್ಲಿ, ಕುತ್ತಿಗೆಗೆ ತುಸು ಮೇಲೆ ಕಿರುಮೆದುಳು ಇದೆ. ತೂಕದಲ್ಲಿ ಇಡೀ ಮೆದುಳಿನ ಹತ್ತನೇ ಒಂದು ಪಾಲು ಮಾತ್ರ. ಆದರೆ ಮೆದುಳಿನ ಅರ್ಧಕ್ಕಿಂತ ಹೆಚ್ಚು ನರಕೋಶಗಳು ಇರುವುದು ಇಲ್ಲೇ. ಹೆಜ್ಜೆ ಎಲ್ಲಿಡಬೇಕು, ಲೋಟ ಹಿಡಿಯಲು ಕೈ ಎಷ್ಟು ಚಾಚಬೇಕು ಎಂಬ ಲೆಕ್ಕಾಚಾರ ಇದರದ್ದು. ಇದಕ್ಕೆ ಪೆಟ್ಟು ಬಿದ್ದಾಗ ಕೈಕಾಲಿನಲ್ಲಿ ಬಲವಿದ್ದರೂ ಹಿಡಿತ ತಪ್ಪುತ್ತದೆ. ಕಾಲು ಅಗಲಿಸಿ ನಡೆಯುತ್ತಾರೆ, ಮಾತು ತೊದಲುತ್ತದೆ, ಅಂಗಿಯ ಗುಂಡಿ ಹಾಕಲು ಕಷ್ಟವಾಗುತ್ತದೆ, ಕಣ್ಣುಗುಡ್ಡೆ ತಾನಾಗಿಯೇ ಅದುರುತ್ತದೆ. ಇದಕ್ಕೆ ಅಟಾಕ್ಸಿಯಾ ಎನ್ನುತ್ತಾರೆ. ಹನಿ ಮದ್ಯ ಮುಟ್ಟದವರೂ ‘ಕುಡಿದಿದ್ದಾರೆ’ ಎನ್ನಿಸಿಕೊಳ್ಳುವುದು ಇದೇ ಕಾರಣಕ್ಕೆ.

ಪತ್ತೆ ಹೇಗೆ?

ವೈದ್ಯರು ಮೊದಲು ಕೇಳುವುದು, ‘ಯಾವಾಗಿನಿಂದ?’ ಓಲಾಟ ನಿಮಿಷಗಳಲ್ಲಿ ಶುರುವಾದರೆ ಪಾರ್ಶ್ವವಾಯು ಇರಬಹುದು, ತಕ್ಷಣ ತುರ್ತು ಚಿಕಿತ್ಸೆಗೆ ಓಡಬೇಕು. ವರ್ಷಗಟ್ಟಲೆ ನಿಧಾನವಾಗಿ ಹೆಚ್ಚಿದರೆ ವಂಶವಾಹಿ ಕಾರಣಗಳನ್ನು ಹುಡುಕುತ್ತಾರೆ. ಕೆಲವೇ ವಾರ, ತಿಂಗಳಲ್ಲಿ ಏರುತ್ತಾ ಹೋದರೆ ಆಟೋಇಮ್ಯೂನ್ ಅನುಮಾನ ಬಲವಾಗುತ್ತದೆ. ಜೊತೆಗೆ ಮದ್ಯಪಾನ, ಬಿ12 ಮತ್ತು ಥೈರಾಯ್ಡ್ ತೊಂದರೆಗಳನ್ನೂ ಪರಿಶೀಲಿಸುತ್ತಾರೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಾತ್ರೆಯ ಪ್ರಮಾಣ ಹೆಚ್ಚಾದರೂ ಥೇಟ್ ಹೀಗೇ ತೂರಾಡುತ್ತಾರೆ.

ಎಂಆರ್‌ಐ ಆರಂಭದಲ್ಲಿ ಪೂರ್ತಿ ಸರಿಯಾಗಿಯೇ ಕಾಣಬಹುದು. ಆದ್ದರಿಂದ ‘ಸ್ಕ್ಯಾನ್ ನಾರ್ಮಲ್, ಏನೂ ಇಲ್ಲ’ ಎಂದು ಮನೆಗೆ ಮರಳಿ ಸುಮ್ಮನಾಗಬೇಡಿ. ರಕ್ತದಲ್ಲಿ ಮತ್ತು ಬೆನ್ನಿನಿಂದ ತೆಗೆದ ದ್ರವದಲ್ಲಿ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಇದೆ. ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಬಹಳ. ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ. ಒಂದೆರಡು ದಿನ ತಲೆನೋವು ಬರಬಹುದು, ಅಷ್ಟೆ ಹೆಚ್ಚಿನವರಿಗೆ.

ವರದಿಯನ್ನು ಗೂಗಲ್ ಮಾಡಿ ತೀರ್ಮಾನಕ್ಕೆ ಬರುವುದೂ ಅಪಾಯ. ಜಿಎಡಿ ಎಂಬ ಪ್ರತಿಕಾಯ ಕಡಿಮೆ ಪ್ರಮಾಣದಲ್ಲಿ ಟೈಪ್ 1 ಮಧುಮೇಹಿಗಳಲ್ಲಿ ಸಾಮಾನ್ಯ, ಅಟಾಕ್ಸಿಯಾ ಇಲ್ಲದಿದ್ದರೂ. ಇನ್ನು ಕೆಲವರಲ್ಲಿ ಯಾವ ಪ್ರತಿಕಾಯವೂ ಸಿಗುವುದಿಲ್ಲ, ಆದರೂ ಕಾಯಿಲೆ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಆ್ಯಂಟಿ-ಯೊ ಎಂಬ ಪ್ರತಿಕಾಯ. ಇದು ಕಂಡರೆ ಅಂಡಾಶಯ ಮತ್ತು ಸ್ತನದಲ್ಲಿ ಕ್ಯಾನ್ಸರ್ ಅಡಗಿದೆಯೇ ಎಂದು ಹುಡುಕಲೇಬೇಕು. ಗಡ್ಡೆ ಪತ್ತೆಯಾಗುವ ಎಷ್ಟೋ ತಿಂಗಳ ಮೊದಲೇ ಓಲಾಟ ಶುರುವಾಗಿರುತ್ತದೆ. ಗಡ್ಡೆಯ ವಿರುದ್ಧ ಎದ್ದ ದೇಹದ ಪಡೆ ಕಿರುಮೆದುಳಿನ ಕೋಶಗಳನ್ನೂ ಕೊಲ್ಲುತ್ತಿರುತ್ತದೆ. ಮೊದಲ ಸ್ಕ್ಯಾನ್‌ನಲ್ಲಿ ಏನೂ ಸಿಗದಿದ್ದರೆ 4ರಿಂದ 6 ತಿಂಗಳಿಗೊಮ್ಮೆ ಎರಡು ವರ್ಷ ಮರುಪರೀಕ್ಷೆ ಮಾಡಿಸುತ್ತಾರೆ.

ಗೋಧಿ ಬಿಟ್ಟರೆ ಸಾಕೇ?

ಅರ್ಧ ನಿಜ. ಗ್ಲುಟೆನ್‌ನಿಂದ ಬರುವ ಅಟಾಕ್ಸಿಯಾ ಇದೆ, ಹೊಟ್ಟೆಯ ತೊಂದರೆ ಇಲ್ಲದವರಿಗೂ ಬರಬಹುದು. ಆದರೆ ಪರೀಕ್ಷೆಗೆ ಮೊದಲೇ ಚಪಾತಿ ಬಿಟ್ಟರೆ ಪ್ರತಿಕಾಯಗಳು ಇಳಿದು, ವರದಿ ಸುಳ್ಳು ಹೇಳೀತು. ರಕ್ತ ಕೊಡುವವರೆಗೆ ತಿನ್ನುತ್ತಿರಿ. ಕಾಯಿಲೆ ಖಚಿತವಾದ ಮೇಲೆ ಗೋಧಿ, ಮೈದಾ, ರವೆ ಪೂರ್ತಿ ಬಿಡಬೇಕು. ಅಕ್ಕಿ, ರಾಗಿ, ಜೋಳಕ್ಕೆ ತೊಂದರೆಯಿಲ್ಲ. ಅಂಗಡಿಯ ಇಂಗಿನಲ್ಲೂ ಗೋಧಿಹಿಟ್ಟು ಬೆರೆತಿರುವುದುಂಟು, ಡಬ್ಬಿಯ ಮೇಲಿನ ಪಟ್ಟಿ ಓದಿ.

ಚಿಕಿತ್ಸೆ ಏನು?

ಸಾಮಾನ್ಯವಾಗಿ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಡ್ರಿಪ್‌ನಲ್ಲಿ ಕೊಡುತ್ತಾರೆ. ಇಲ್ಲವೇ ಇಮ್ಯುನೊಗ್ಲಾಬ್ಯುಲಿನ್ ಕೊಡುತ್ತಾರೆ, ಅಥವಾ ಪ್ಲಾಸ್ಮಾ ಬದಲಿಸುತ್ತಾರೆ. ನಂತರ ಕೆಲವರಿಗೆ ರಿಟುಕ್ಸಿಮ್ಯಾಬ್‌ನಂಥ ಔಷಧಿ ಬೇಕಾಗುತ್ತದೆ. ಸ್ಟೀರಾಯ್ಡ್ ಮಾತ್ರೆಗಳನ್ನು ‘ಮುಖ ಊದಿತು’ ಎಂದು ನೀವಾಗಿಯೇ ಏಕಾಏಕಿ ನಿಲ್ಲಿಸಬೇಡಿ. ಕ್ಯಾನ್ಸರ್ ಇದ್ದವರಿಗೆ ಮೊದಲ ಕೆಲಸ ಅದರ ಚಿಕಿತ್ಸೆ.

ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಬೇಗ ಔಷಧಿ ಸಿಕ್ಕರೆ ಕೆಲವರು ಮತ್ತೆ ಸರಿಯಾಗಿ ನಡೆಯುತ್ತಾರೆ. ತಡವಾದರೆ, ಅದರಲ್ಲೂ ಆ್ಯಂಟಿ-ಯೊ ಬಗೆಯಲ್ಲಿ, ಇದ್ದಷ್ಟನ್ನು ಉಳಿಸಿಕೊಳ್ಳುವುದೇ ಸಾಧನೆ. ಫಿಸಿಯೊಥೆರಪಿ ಎಲ್ಲರಿಗೂ ನೆರವಾಗುತ್ತದೆ. ಚಿಕನ್‌ಪಾಕ್ಸ್ ನಂತರ ಓಲಾಡುವ ಮಕ್ಕಳು ಮಾತ್ರ ಬಹುಪಾಲು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ, ಆದರೂ ವೈದ್ಯರಿಗೆ ತೋರಿಸಬೇಕು.

ಮನೆಯಲ್ಲಿ ಯಾರಿಗಾದರೂ ಹೀಗಾಗುತ್ತಿದ್ದರೆ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನರರೋಗ ವಿಭಾಗ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತೋರಿಸಿ. ಹೋಗುವ ಮೊದಲು ಅವರು ನಡೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಎರಡು ವಾರ ಬಿಟ್ಟು ಇನ್ನೊಂದು ಮಾಡಿದ್ದರೆ ವೇಗವೂ ಗೊತ್ತಾಗುತ್ತದೆ, ಆದರೆ ಅದಕ್ಕಾಗಿ ಕಾಯಬೇಡಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹಾಳೆ ಜೊತೆಗಿರಲಿ, ಕಷಾಯದ ಪುಡಿಯ ಪೊಟ್ಟಣವೂ.