ಯಾರನ್ನು ಕಂಡು ನಗು, ಯಾವುದನ್ನು ಕಂಡು ನಗು: ರಾಜಕೀಯ ವಿಡಂಬನೆಯ ಚಿತ್ರಗಳು ಮತ್ತು ಭಾರತೀಯ ಪ್ರೇಕ್ಷಕರು, 1971–1991

ಅಮೃತ್ ನಾಹಟಾ ರಾಜಸ್ಥಾನದ ಬಾಡಮೇರ್‌ನಿಂದ ಗೆದ್ದಿದ್ದ ಕಾಂಗ್ರೆಸ್ ಸಂಸದರು. 1975ರ ಏಪ್ರಿಲ್‌ನಲ್ಲಿ ತಮ್ಮ ಚಿತ್ರ ‘ಕಿಸ್ಸಾ ಕುರ್ಸಿ ಕಾ’ವನ್ನು ಅವರು ಸೆನ್ಸಾರ್ ಮಂಡಳಿಯ ಮುಂದಿಟ್ಟರು. ತುರ್ತುಪರಿಸ್ಥಿತಿ ಘೋಷಣೆಯಾಗಲು ಇನ್ನೂ ಎರಡು ತಿಂಗಳಿತ್ತು. ಚಿತ್ರ ಪುನರ್‌ಪರಿಶೀಲನಾ ಸಮಿತಿಗೆ ಹೋಯಿತು, ಅಲ್ಲಿಂದ ಸರ್ಕಾರದ ಕೈಗೆ ಹೋಯಿತು. 51 ಆಕ್ಷೇಪಗಳನ್ನು ಪಟ್ಟಿ ಮಾಡಿದ ನೋಟಿಸು ಬಂತು. ಪಾತ್ರಗಳೆಲ್ಲ ಕಾಲ್ಪನಿಕ, ಯಾವ ಪಕ್ಷಕ್ಕೂ ವ್ಯಕ್ತಿಗೂ ಸಂಬಂಧಿಸಿದವಲ್ಲ ಎಂದು ನಾಹಟಾ ಜುಲೈ 11ರಂದು ಉತ್ತರ ಕೊಡುವ ಹೊತ್ತಿಗೆ ದೇಶದಲ್ಲಿ ತುರ್ತುಪರಿಸ್ಥಿತಿ ಜಾರಿಯಾಗಿತ್ತು.

ಅವರು ಸುಪ್ರೀಂ ಕೋರ್ಟಿನ ಮೊರೆಹೋದರು. ಚಿತ್ರವನ್ನು ತಾವೇ ನೋಡಿ ತೀರ್ಮಾನಿಸುವುದಾಗಿ ನ್ಯಾಯಮೂರ್ತಿಗಳು ಹೇಳಿದರು. ನವೆಂಬರ್ 17ಕ್ಕೆ ಪ್ರದರ್ಶನ ಗೊತ್ತಾಯಿತು, ಆದರೆ ನಡೆಯಲಿಲ್ಲ. ಚಿತ್ರದ ನೆಗೆಟಿವ್‌ಗಳು 13 ಟ್ರಂಕುಗಳಲ್ಲಿ ಮುಂಬೈಯಿಂದ ಬಂದು ಗುಡಗಾಂವ್‌ನ ಮಾರುತಿ ಕಾರ್ಖಾನೆಯ ಆವರಣದಲ್ಲಿ ಸುಟ್ಟುಹೋದವು ಎಂಬುದು ಮುಂದೆ ಪ್ರಾಸಿಕ್ಯೂಷನ್ ಹೂಡಿದ ವಾದ. 1979ರ ಫೆಬ್ರವರಿಯಲ್ಲಿ ಸೆಷನ್ಸ್ ನ್ಯಾಯಾಲಯ ಆ ಕಾರು ಕಾರ್ಖಾನೆಯ ಹಿಂದಿದ್ದ, ಪ್ರಧಾನಿ ಇಂದಿರಾ ಗಾಂಧಿಯವರ ಮಗ ಸಂಜಯ್ ಗಾಂಧಿ ಮತ್ತು ತುರ್ತುಪರಿಸ್ಥಿತಿಯ ಕಾಲದ ವಾರ್ತಾ ಸಚಿವ ವಿ.ಸಿ. ಶುಕ್ಲಾ ಇಬ್ಬರಿಗೂ ಶಿಕ್ಷೆ ವಿಧಿಸಿತು. 1980ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು.

ಈ ಪ್ರಕರಣವನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಮತ್ತೆ ಮತ್ತೆ ನೆನೆಯುತ್ತಾರೆ, ನೆನೆಯಲೇಬೇಕು. ಆದರೆ ಆ ಚರ್ಚೆಯಲ್ಲಿ ಪ್ರೇಕ್ಷಕ ಕಾಣಿಸಿಕೊಳ್ಳುವುದು ತೀರಾ ಅಪರೂಪ. ನಾಹಟಾ ಸೋಲೊಪ್ಪದೆ ಅದೇ ಚಿತ್ರವನ್ನು ಮತ್ತೆ ತೆಗೆದರು, 1978ರಲ್ಲಿ ಬಿಡುಗಡೆ ಮಾಡಿದರು. ಸುಟ್ಟುಹಾಕುವಷ್ಟು ಅಪಾಯಕಾರಿ ಎನಿಸಿಕೊಂಡ ಸಿನಿಮಾಕ್ಕೆ ಜನ ಮುಗಿಬೀಳಬೇಕಿತ್ತು. ಬೀಳಲಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಅದು ಸೋತಿತು. ಈ ಸೋಲಿಗೆ ಕಾರಣ ಹುಡುಕುವುದೇ ಈ ಲೇಖನದ ಉದ್ದೇಶ.

ಚಿತ್ರದ ಕಲಾಗುಣ ಸಾಲದು ಎಂಬುದು ಸುಲಭದ ಉತ್ತರ. ಅದರಲ್ಲಿ ಸತ್ಯಾಂಶವೂ ಇದೆ. ಬೀದಿಬದಿಯ ಗಂಗಾರಾಮ (ಮನೋಹರ್ ಸಿಂಗ್) ದೇಶದ ಅಧ್ಯಕ್ಷನಾಗುತ್ತಾನೆ. ಅವನು ಬಲೆಗೆ ಹಾಕಿಕೊಳ್ಳುವ ಮೂಗಿ ಹೆಣ್ಣಿನ ಹೆಸರು ಜನತಾ (ಶಬಾನಾ ಆಜ್ಮಿ). ಅವನ ಚುನಾವಣಾ ಚಿಹ್ನೆ ಜನರ ಕಾರು. ಎಲ್ಲವೂ ಹೀಗೆ ನೇರ ರೂಪಕ. ಆದರೂ ಕಲಾಗುಣ ಒಂದರಿಂದಲೇ ಈ ಸೋಲನ್ನು ವಿವರಿಸಲು ಆಗದು. ಇದಕ್ಕಿಂತ ಒರಟಾದ ಎಷ್ಟೋ ಚಿತ್ರಗಳು ಆ ದಶಕದಲ್ಲಿ ಓಡಿವೆ. ನನ್ನ ಅಭಿಪ್ರಾಯದಲ್ಲಿ ಮುಖ್ಯ ಕಾರಣ ಕಾಲದ್ದು. 1975ರಲ್ಲಿ ಆ ಕಾರನ್ನು ತೆರೆಯ ಮೇಲೆ ನೋಡಿ ನಗುವುದಕ್ಕೆ ಧೈರ್ಯ ಬೇಕಿತ್ತು. 1978ರ ಹೊತ್ತಿಗೆ, ತುರ್ತುಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡುತ್ತಿದ್ದ ಷಾ ಆಯೋಗದ ವಿಚಾರಣೆ ದಿನವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಬಲವಂತದ ಸಂತಾನಹರಣ, ತುರ್ಕ್‌ಮನ್ ಗೇಟಿನ ಬುಲ್ಡೋಜರು ಎಲ್ಲವೂ ಸಾಕ್ಷಿಗಳ ಬಾಯಲ್ಲೇ ಹೊರಬಿದ್ದಿದ್ದವು. ಕಾಂಗ್ರೆಸ್ ಸೋತ ಮೇಲೆ ಬಂದ ಹೊಸ ಸರ್ಕಾರದಲ್ಲಿ ವಾರ್ತಾ ಸಚಿವರ ಕುರ್ಚಿಯಲ್ಲಿದ್ದವರು ಎಲ್.ಕೆ. ಆಡ್ವಾಣಿ, 1975ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಬಂಧಿತರಾಗಿ ಇಲ್ಲಿನ ಸೆರೆಮನೆಯಲ್ಲಿ ಬಹುಕಾಲ ಕಳೆದವರು. ಚಿತ್ರ ಗುಟ್ಟಾಗಿ ಹೇಳಬೇಕೆಂದಿದ್ದನ್ನು ಈಗ ಸರ್ಕಾರವೇ ಶ್ವೇತಪತ್ರದಲ್ಲಿ ಹೇಳುತ್ತಿತ್ತು. ಆಳುವವರ ಒಪ್ಪಿಗೆಯೊಂದಿಗೆ ಬರುವ ವಿಡಂಬನೆಗೆ ಪ್ರೇಕ್ಷಕ ತನ್ನದಾಗಿ ಸೇರಿಸಲು ಏನೂ ಉಳಿದಿರುವುದಿಲ್ಲ.

ಇದಕ್ಕೆ ಪ್ರಾದೇಶಿಕ ಮುಖವೂ ಒಂದಿದೆ. 1977ರ ಚುನಾವಣೆಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿತಾದರೂ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದೇ ಪಕ್ಷಕ್ಕೆ ಕೊಟ್ಟಿತು. ಚಿತ್ರ ಬಿಡುಗಡೆಯಾದ ವರ್ಷವೇ, ನವೆಂಬರ್‌ನಲ್ಲಿ, ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಲೋಕಸಭೆಗೆ ಮರಳಿದರು. ಒಂದೇ ವ್ಯಕ್ತಿ ದೆಹಲಿಯ ಪ್ರೇಕ್ಷಕನಿಗೆ ಖಳನಾಯಕಿ, ಮಲೆನಾಡಿನ ಮತದಾರನಿಗೆ ಇಂದಿರಮ್ಮ. ವ್ಯಕ್ತಿಯನ್ನು ಗುರಿಯಾಗಿಟ್ಟ ನಗೆ ಆ ವ್ಯಕ್ತಿಯ ಬಗೆಗಿನ ಪ್ರೀತಿ–ಸಿಟ್ಟುಗಳ ಗಡಿಯನ್ನು ದಾಟಲಾರದು.

ಹಾಗಾದರೆ ಚೋ ರಾಮಸ್ವಾಮಿ ಅವರ ತಮಿಳು ಚಿತ್ರ ‘ಮುಹಮ್ಮದ್ ಬಿನ್ ತುಘಲಕ್’ (1971)? ಕನ್ನಡಿಗರಿಗೆ ತುಘಲಕ್ ಎಂದೊಡನೆ ನೆನಪಾಗುವುದು 1964ರ ಗಿರೀಶ ಕಾರ್ನಾಡರ ನಾಟಕ. ಆದರ್ಶದ ಬೆಂಬತ್ತಿ ಒಡೆದುಹೋದ ಅರಸನ ದುರಂತ ಅದು. ಚೋ ಅವರ ತುಘಲಕ್ ಆಧುನಿಕ ಭಾರತದಲ್ಲಿ ಎದ್ದುಬಂದು ಪ್ರಧಾನಿಯಾಗಿ, ಪಾರ್ಸಿಯನ್ನು ರಾಷ್ಟ್ರಭಾಷೆ ಮಾಡಿ, ತನ್ನ ಕಡೆಗೆ ಬಂದ ಸಂಸದರಿಗೆಲ್ಲ ಉಪಪ್ರಧಾನಿ ಪಟ್ಟ ಹಂಚುತ್ತಾನೆ. ಈ ಚಿತ್ರಕ್ಕೆ ಮೂಲವಾದ ಚೋ ಅವರದೇ ನಾಟಕ ರಂಗವೇರಿದ್ದು 1968ರಲ್ಲಿ. ಅದರ ಹಿಂದಿನ ವರ್ಷ ತಾನೇ ಹರಿಯಾಣದ ಶಾಸಕರೊಬ್ಬರ ಪಕ್ಷಾಂತರದಿಂದ ‘ಆಯಾ ರಾಮ್, ಗಯಾ ರಾಮ್’ ಎಂಬ ಮಾತು ಹುಟ್ಟಿತ್ತು. ಮದರಾಸು ರಾಜ್ಯದಲ್ಲಿ ಹಿಂದಿ ವಿರೋಧಿ ಚಳವಳಿಯ ಕಾವು ಆರಿರಲಿಲ್ಲ. ಚೋ ಆಳುವ ಡಿಎಂಕೆಯನ್ನೂ ಬಿಡಲಿಲ್ಲ, ದೆಹಲಿಯನ್ನೂ ಬಿಡಲಿಲ್ಲ. ಡಿಎಂಕೆ ಸರ್ಕಾರದ ವಿರೋಧ ಕಟ್ಟಿಕೊಂಡೇ ಚಿತ್ರ ತೆರೆಗೆ ಬಂತು. ಎದುರಿಗಿದ್ದ ಅಧಿಕಾರವನ್ನು ಅದು ಕುರ್ಚಿಯಲ್ಲಿದ್ದಾಗಲೇ ಕೆಣಕಿದ್ದರಲ್ಲಿ ಆ ಚಿತ್ರದ ಬಲವಿದೆ. ಪಕ್ಷಾಂತರ ಇಂದಿಗೂ ನಿಂತಿಲ್ಲವಾದ್ದರಿಂದ ಉಪಪ್ರಧಾನಿಗಳ ಆ ದೃಶ್ಯ ಹಳಸಿಲ್ಲ.

ವ್ಯಕ್ತಿಯನ್ನು ಬಿಟ್ಟು ವ್ಯವಸ್ಥೆಯನ್ನು ಹಿಡಿದ ಚಿತ್ರಗಳಲ್ಲಿ ನನಗೆ ಅತಿ ಮುಖ್ಯವೆನಿಸುವುದು ಕುಂದನ್ ಷಾ ನಿರ್ದೇಶಿಸಿದ ‘ಜಾನೇ ಭೀ ದೋ ಯಾರೋ’ (1983). ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಹಣದಲ್ಲಿ, ಏಳು ಲಕ್ಷದ ಒಳಗಿನ ವೆಚ್ಚದಲ್ಲಿ ತಯಾರಾದದ್ದು. ಅದರ ಹಿಂದಿನ ವರ್ಷವೇ, ಸಿಮೆಂಟ್ ಹಂಚಿಕೆಗೂ ಟ್ರಸ್ಟುಗಳಿಗೆ ಬಂದ ದೇಣಿಗೆಗೂ ನಂಟಿದೆ ಎಂಬ ಬಾಂಬೆ ಹೈಕೋರ್ಟಿನ ತೀರ್ಪಿನಿಂದಾಗಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಲೆ ರಾಜೀನಾಮೆ ಕೊಟ್ಟಿದ್ದರು. ಚಿತ್ರ ಅಂತುಲೆಯ ಹೆಸರೆತ್ತುವುದಿಲ್ಲ, ಅವರನ್ನು ಹೋಲುವ ಪಾತ್ರವನ್ನೂ ತರುವುದಿಲ್ಲ. ಅಲ್ಲಿರುವುದು ಇಬ್ಬರು ಬಿಲ್ಡರುಗಳು, ಒಬ್ಬ ಮುನಿಸಿಪಲ್ ಕಮಿಷನರ್, ಒಬ್ಬ ಪತ್ರಿಕಾ ಸಂಪಾದಕಿ, ಕುಸಿದುಬೀಳುವ ಒಂದು ಮೇಲುಸೇತುವೆ, ಮತ್ತು ಇದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿಯುವ ಇಬ್ಬರು ಬಡ ಛಾಯಾಗ್ರಾಹಕರು. ಕಮಿಷನರನ ಹೆಣ ಮಹಾಭಾರತ ನಾಟಕದ ರಂಗದ ಮೇಲೆ ಸೀರೆಯುಟ್ಟು ದ್ರೌಪದಿಯಾಗುತ್ತದೆ. ವಸ್ತ್ರಾಪಹರಣದ ಸಭೆಯಲ್ಲಿ ಎಲ್ಲ ಪಕ್ಷದವರೂ ಅದಕ್ಕಾಗಿ ಕಿತ್ತಾಡುತ್ತಾರೆ. ಕೊನೆಯಲ್ಲಿ ಜೈಲಿನ ಬಟ್ಟೆ ತೊಟ್ಟು ಬೀದಿಗೆ ಬರುವವರು ಆ ಛಾಯಾಗ್ರಾಹಕರೇ.

ಬಿಡುಗಡೆಯಾದಾಗ ಈ ಚಿತ್ರಕ್ಕೆ ದೊಡ್ಡ ಗಳಿಕೆಯೇನೂ ಆಗಲಿಲ್ಲ. ಚೊಚ್ಚಲ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಬಂತು. ಅದನ್ನು ಕುಂದನ್ ಷಾ 2015ರಲ್ಲಿ ಪ್ರತಿಭಟನೆಯಾಗಿ ಹಿಂತಿರುಗಿಸಿದರು. ಚಿತ್ರಕ್ಕೆ ನಿಜವಾದ ಪ್ರೇಕ್ಷಕರು ಸಿಕ್ಕಿದ್ದು ದೂರದರ್ಶನದ ಮರುಪ್ರಸಾರಗಳಲ್ಲಿ. ಈ ಬದಲಾವಣೆ ಸಣ್ಣದಲ್ಲ. ಥಿಯೇಟರಿನ ಕತ್ತಲಲ್ಲಿ ಅಪರಿಚಿತರ ನಡುವೆ ನಗುವುದು ಬೇರೆ, ಮನೆಯ ಪಡಸಾಲೆಯಲ್ಲಿ ಅಪ್ಪ, ಅಜ್ಜಿ, ನೆರೆಮನೆಯವರೊಡನೆ ಕೂತು ನಗುವುದು ಬೇರೆ. ಎರಡನೆಯದರಲ್ಲಿ ನಗುವಿನ ಬೆನ್ನಿಗೇ ಮಾತು ಹುಟ್ಟುತ್ತದೆ: ನಮ್ಮೂರ ಸೇತುವೆಯ ಗುತ್ತಿಗೆ ಯಾರದು, ಬಿಲ್ ಪಾಸಾಗಿದ್ದು ಹೇಗೆ ಎಂಬಂಥ ಮಾತು. ಸರ್ಕಾರಿ ನಿಗಮ ಹಣ ಹಾಕಿ, ಸರ್ಕಾರಿ ವಾಹಿನಿ ಮನೆಮನೆಗೆ ತಲುಪಿಸಿದ ಚಿತ್ರವೇ ಸರ್ಕಾರಿ ಕಾಮಗಾರಿಗಳ ಬಗ್ಗೆ ಇಷ್ಟು ಕಟುವಾಗಿ ಮಾತಾಡಿತು. ಅಂಥದ್ದು ನಮ್ಮಲ್ಲಿ ಸಾಧ್ಯವಾಗಿತ್ತು ಎಂಬುದನ್ನು ಮರೆಯಬಾರದು. 2012ರಲ್ಲಿ ಅದರ ಸಂಸ್ಕರಿಸಿದ ಪ್ರತಿ ಮತ್ತೆ ಥಿಯೇಟರುಗಳಿಗೂ ಬಂತು.

ಮಲಯಾಳಂನ ‘ಪಂಚವಡಿ ಪಾಲಂ’ (1984) ಕೂಡ ಸೇತುವೆಯ ಕಥೆಯೇ. ವೇಳೂರ್ ಕೃಷ್ಣನ್‌ಕುಟ್ಟಿ ಅವರ ಬರಹವನ್ನು ಆಧರಿಸಿ ಕೆ.ಜಿ. ಜಾರ್ಜ್ ತೆಗೆದ ಚಿತ್ರ. ಗಟ್ಟಿಯಾಗಿದ್ದ ಸೇತುವೆಯನ್ನು ಪಂಚಾಯಿತಿಯವರು ಕೆಡವಿಸಿ, ಹೊಸದನ್ನು ಕಟ್ಟಿಸಿ, ಉದ್ಘಾಟನೆಯ ದಿನವೇ ಕುಸಿಯುವುದನ್ನು ನೋಡುತ್ತಾರೆ. 2019ರಲ್ಲಿ ಕೊಚ್ಚಿಯ ಪಾಲಾರಿವಟ್ಟಂ ಮೇಲುಸೇತುವೆಯ ಹಗರಣ ಕೇರಳ ಹೈಕೋರ್ಟಿನ ಮುಂದೆ ಬಂದಾಗ ನ್ಯಾಯಪೀಠವೂ ಈ ಚಿತ್ರವನ್ನು ನೆನೆಯಿತು. 35 ವರ್ಷ ಹಳೆಯ ಹಾಸ್ಯಚಿತ್ರವೊಂದು ಯಾವ ವಿವರಣೆಯೂ ಇಲ್ಲದೆ ನ್ಯಾಯಾಲಯದಲ್ಲಿ ಅರ್ಥವಾಗುತ್ತದೆ ಎಂದರೆ, ಪ್ರೇಕ್ಷಕರ ಪ್ರತಿಕ್ರಿಯೆಗೆ ಅದಕ್ಕಿಂತ ಗಟ್ಟಿ ಪುರಾವೆ ಯಾವ ಗಳಿಕೆಯ ಅಂಕಿಯಲ್ಲೂ ಸಿಗಲಾರದು.

ಆದರೆ ವ್ಯವಸ್ಥೆಯನ್ನು ಗುರಿಯಾಗಿಸಿದ ಮಾತ್ರಕ್ಕೆ ವಿಡಂಬನೆ ಪ್ರಜಾಪ್ರಭುತ್ವಕ್ಕೆ ಹಿತವಾಗುತ್ತದೆ ಎಂದು ನಾನು ಹೇಳಲಾರೆ. ಶ್ರೀನಿವಾಸನ್ ಬರೆದು ಸತ್ಯನ್ ಅಂತಿಕ್ಕಾಡ್ ನಿರ್ದೇಶಿಸಿದ ‘ಸಂದೇಶಂ’ (1991) ಈ ಸಾಲಿನಲ್ಲಿ ಎಲ್ಲಕ್ಕಿಂತ ಜನಪ್ರಿಯ. ನಿವೃತ್ತ ರೈಲ್ವೆ ನೌಕರರೊಬ್ಬರ ಇಬ್ಬರು ಮಕ್ಕಳು ಎದುರಾಳಿ ಪಕ್ಷಗಳ ಕಾರ್ಯಕರ್ತರು. ಪಕ್ಷಗಳ ಹೆಸರು ಕಲ್ಪಿತ, ಒಂದು ಎಡ ಮತ್ತೊಂದು ಕಾಂಗ್ರೆಸ್ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಮಕ್ಕಳು ರಾಜಕೀಯ ಬಿಟ್ಟು ಕೆಲಸಕ್ಕೆ ಹತ್ತಿದಾಗ ಮನೆ ಉದ್ಧಾರವಾಗುತ್ತದೆ. ಇದು ಯುವಕರಿಗೆ ಅರಾಜಕೀಯತೆಯನ್ನು ಬೋಧಿಸುವ ಚಿತ್ರ ಎಂಬ ಟೀಕೆ ಕೇರಳದಲ್ಲಿ ಬಹುಕಾಲದಿಂದ ಇದೆ. ನಾನು ಆ ಟೀಕೆಯನ್ನು ಒಪ್ಪುತ್ತೇನೆ. ಕುಂದನ್ ಷಾ ಮತ್ತು ಜಾರ್ಜ್ ನಗಿಸಿದ್ದು ಕದಿಯುವವರನ್ನು ತೋರಿಸಿ. ‘ಸಂದೇಶಂ’ನಲ್ಲಿ ಬಾವುಟ ಹಿಡಿದವರೆಲ್ಲ ನಗೆಪಾಟಲು. ಅಣ್ಣತಮ್ಮಂದಿರ ವಾಗ್ವಾದದಲ್ಲಿ ಪೋಲೆಂಡಿನ ಬಗ್ಗೆ ಮಾತೆತ್ತಬೇಡ ಎಂದು ಒಬ್ಬ ಇನ್ನೊಬ್ಬನ ಮೇಲೆ ರೇಗುವ ಮಾತು ಮಲಯಾಳಿಗಳ ನಾಲಿಗೆಯ ಮೇಲೆ ಗಾದೆಯಂತೆ ನಿಂತಿದೆ. ಎದುರಿನವನ ವಾದಕ್ಕೆ ಉತ್ತರ ಹೊಳೆಯದಿದ್ದಾಗ ಎಡದವರೂ ಬಲದವರೂ ಅದನ್ನು ಸಲೀಸಾಗಿ ಎಸೆಯುತ್ತಾರೆ, ಮತ್ತು ಚರ್ಚೆ ಅಲ್ಲಿಗೆ ನಿಲ್ಲುತ್ತದೆ.