ಈ ಮೂಗು ಎಲ್ಲಿಂದ ಬಂತು? ಚಪ್ಪಟೆ ಚಿತ್ರದಿಂದ ಮೂರು ಆಯಾಮದ ಮುಖ

ಶಾಸನದ ಫೋಟೊಗಳನ್ನು ನೋಡಿ ಅಭ್ಯಾಸವಿರುವವರಿಗೆ ಇದು ಗೊತ್ತಿರುತ್ತೆ. ಬೆಳಕು ಕೆಳಗಿನಿಂದ ಬಿದ್ದ ಚಿತ್ರದಲ್ಲಿ ಕೊರೆದ ಅಕ್ಷರ ಉಬ್ಬಿ ನಿಂತಂತೆ ಕಾಣುತ್ತೆ. ಫೋಟೊವನ್ನು ತಲೆಕೆಳಗು ಮಾಡಿ, ಮತ್ತೆ ತಗ್ಗಾಗುತ್ತೆ. ಬೆಳಕು ಯಾವಾಗಲೂ ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ಮೊದಲೇ ತೀರ್ಮಾನಿಸಿಕೊಂಡಿದೆ.

ಈಗ ಒಂದು ಮುಖವಾಡದ ಒಳಬದಿಯ ಟೊಳ್ಳನ್ನು ಸ್ವಲ್ಪ ದೂರದಿಂದ, ಒಂದು ಕಣ್ಣು ಮುಚ್ಚಿ ನೋಡಿ. ಒಳಕ್ಕೆ ತಗ್ಗಿದ ಮೂಗು ಹೊರಕ್ಕೇ ಚಾಚಿದ ಹಾಗೆ ಕಾಣುತ್ತೆ. ಅಕ್ಷರದ ವಿಷಯದಲ್ಲಿ ಸುಲಭವಾಗಿ ಸೋಲುವ ಕಣ್ಣು ಮುಖದ ವಿಷಯದಲ್ಲಿ ಹಠ ಹಿಡಿಯುತ್ತೆ. ಯಾಕಂದ್ರೆ ತಗ್ಗಿದ ಮೂಗಿನ ಮನುಷ್ಯನನ್ನು ಅದು ಎಂದೂ ಕಂಡಿಲ್ಲ.

ಒಂದೇ ಫೋಟೊದಿಂದ ಮೂರು ಆಯಾಮದ ಮುಖ ಕಟ್ಟಿಕೊಡುವ ನ್ಯೂರಲ್ ನೆಟ್‌ವರ್ಕ್‌ಗಳ ಗುಟ್ಟೂ ಇದೇ. ಫೋಟೊದಲ್ಲಿ ಆಳದ ಅಳತೆ ಇಲ್ಲ. ಹಾಗಾದರೆ ಅದು ಬಂದದ್ದೆಲ್ಲಿಂದ?

ಮೊದಲಿನವರು ಊಹಿಸುತ್ತಿರಲಿಲ್ಲ, ಅಳೆಯುತ್ತಿದ್ದರು. 1860ರ ದಶಕದಲ್ಲಿ ಪ್ಯಾರಿಸ್ಸಿನ ಶಿಲ್ಪಿ ಫ್ರಾನ್ಸ್ವಾ ವಿಲೆಮ್ ವ್ಯಕ್ತಿಯನ್ನು ದುಂಡನೆಯ ಕೋಣೆಯ ನಡುವೆ ಇರಿಸಿ, ಸುತ್ತಲಿನ 24 ಕ್ಯಾಮೆರಾಗಳಿಂದ ಚಿತ್ರ ತೆಗೆದು, ಒಂದೊಂದರ ಹೊರರೇಖೆಯನ್ನೂ ಪ್ಯಾಂಟೋಗ್ರಾಫಿನಿಂದ ಜೇಡಿಮಣ್ಣಿಗೆ ಇಳಿಸಿ ಪುತ್ಥಳಿ ಮಾಡುತ್ತಿದ್ದರು. 1971ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಆನ್ರಿ ಗೂರೋ ತಮ್ಮ ಹೆಂಡತಿಯ ಮುಖದ ಮೇಲೆಯೇ ಗೆರೆಗಳ ಜಾಲ ಬರೆದು ಅಳತೆ ತೆಗೆದರು. (ಆಕೆ ಎಷ್ಟು ಹೊತ್ತು ಅಲುಗಾಡದೆ ಕೂತಿದ್ದರೋ!)

ದಾರಿ ಬದಲಾದದ್ದು 1999ರಲ್ಲಿ. ಜರ್ಮನಿಯ ಟ್ಯೂಬಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೋಲ್ಕರ್ ಬ್ಲಾಂಟ್ಸ್ ಮತ್ತು ಥಾಮಸ್ ಫೆಟ್ಟರ್ 100 ಗಂಡಸರು, 100 ಹೆಂಗಸರ ತಲೆಗಳನ್ನು ಲೇಸರ್ ಸ್ಕ್ಯಾನ್ ಮಾಡಿಸಿದರು. ಕೂದಲು ಅಡ್ಡ ಬಾರದಿರಲೆಂದು ಎಲ್ಲರಿಗೂ ಈಜುವವರ ಟೋಪಿ! ಈ 200 ಮುಖಗಳಿಂದ ಒಂದು ಸರಾಸರಿ ಮುಖ ತೆಗೆದು, ಮಿಕ್ಕ ಮುಖಗಳು ಅದರಿಂದ ಯಾವ ಯಾವ ದಿಕ್ಕಿನಲ್ಲಿ ಎಷ್ಟೆಷ್ಟು ಸರಿಯುತ್ತವೆ ಎಂದು ಲೆಕ್ಕ ಹಾಕಿದರು. ಅಲ್ಲಿಂದ ಮುಂದೆ ಯಾವ ಹೊಸ ಮುಖವಾದರೂ ಈ 200ರ ಮಿಶ್ರಣ, ಅಷ್ಟೇ. ಮೊನಾಲಿಸಾಳ ಚಿತ್ರವನ್ನು ಕೊಟ್ಟರೆ ಅದಕ್ಕೆ ಹೊಂದುವ ಮಿಶ್ರಣ ಹುಡುಕಿ, ಆಕೆಯ ಮೇಲೆ ಬೇರೆ ಕಡೆಯಿಂದ ಬೆಳಕು ಬೀಳಿಸಿ ತೋರಿಸಿದರು. 2009ರಲ್ಲಿ ಇದೇ ಮಾದರಿಯ ಬಾಸೆಲ್ ಮಾದರಿ ಸಂಶೋಧಕರ ಕೈಗೆ ಸಿಕ್ಕಿತು. ಅದರಲ್ಲೂ 200 ಮುಖ, ಹೆಚ್ಚಿನವು ಯುರೋಪಿನವು.

ಆಮೇಲೆ ನ್ಯೂರಲ್ ನೆಟ್‌ವರ್ಕ್ ಬಂತು. ಅದಕ್ಕೆ ಕಲಿಸಬೇಕಾದರೆ ಫೋಟೊ ಮತ್ತು ಅದರ ನಿಜವಾದ ಅಳತೆ, ಎರಡೂ ಲಕ್ಷಗಟ್ಟಲೆ ಬೇಕು. ಅಷ್ಟು ಜನರನ್ನು ಸ್ಕ್ಯಾನರ್ ಮುಂದೆ ಕೂರಿಸೋದು ಆಗದ ಮಾತು. 2016ರ ಸುಮಾರಿಗೆ ಇಸ್ರೇಲಿನ ಟೆಕ್ನಿಯನ್‌ನವರು ಆ ಹಳೆಯ ಬಗೆಯ ಮಾದರಿಯಿಂದಲೇ ಕೃತಕ ಮುಖಗಳನ್ನು ಹುಟ್ಟಿಸಿ ಪಾಠ ಮಾಡಿದರು. 2017ರಲ್ಲಿ ಬಂದ 'ಮೋಫಾ' ಉತ್ತರಪತ್ರಿಕೆಯೇ ಬೇಡ ಎಂದಿತು: ನೆಟ್‌ವರ್ಕ್ ಒಂದು ಮುಖ ಊಹಿಸಬೇಕು, ಆ ಊಹೆಯನ್ನು ಚಿತ್ರವಾಗಿ ಬರೆದು ಮೂಲ ಫೋಟೊ ಜೊತೆ ಹೋಲಿಸಬೇಕು, ವ್ಯತ್ಯಾಸ ಕಡಿಮೆಯಾಗುವ ತನಕ ತಿದ್ದಿಕೊಳ್ಳುತ್ತಾ ಹೋಗಬೇಕು. ಜಾಣತನದ ಉಪಾಯವೇ ಸರಿ. ಆದರೆ ಊಹಿಸುವ ಮುಖ ಅದೇ ಬಗೆಯ ಮಾದರಿಯಿಂದಲೇ ಬರಬೇಕು. ಮೇಲಾಗಿ, ಎದುರಿನಿಂದ ಫೋಟೊಗೆ ಹೊಂದಿದ ಮಾತ್ರಕ್ಕೆ ಆಳ ಸರಿಯಿದೆ ಎಂದಾಗಲಿಲ್ಲವಲ್ಲ.

ಅದು ಬಯಲಾದದ್ದು ನಿಜವಾದ ಸ್ಕ್ಯಾನ್ ಜೊತೆ ಹೋಲಿಸಿದಾಗ. 2022ರಲ್ಲಿ 'ಮೀಕಾ' ಎಂಬ ವಿಧಾನವನ್ನು ಮುಂದಿಟ್ಟವರು ಅಂಥ ಹೋಲಿಕೆಯ ಪಟ್ಟಿಯನ್ನು ಕೊಟ್ಟಿದ್ದಾರೆ. ಫೋಟೊವನ್ನು ನೋಡದೆಯೇ ಎಲ್ಲರಿಗೂ ಒಂದೇ ಸರಾಸರಿ ಮುಖ ಹಂಚಿದ್ದರೆ ಬರುತ್ತಿದ್ದ ತಪ್ಪಿಗಿಂತ ಹಲವು ವಿಧಾನಗಳ ತಪ್ಪೇ ಜಾಸ್ತಿ ಇತ್ತು!

ನಮಗೆ ಇದರಲ್ಲೇನು ಕೆಲಸ ಅಂತೀರಾ? ಶಾಸನ ಪಾಠ ಕೊಡುವಾಗ ಸವೆದ ಅಕ್ಷರವನ್ನು ಚೌಕ ಕಂಸದೊಳಗೆ ಹಾಕುತ್ತೇವೆ. ಪೂರ್ತಿ ಅಳಿದಿದ್ದರೆ ಚುಕ್ಕಿಗಳು. ಓದಿದ್ದು ಯಾವುದು, ತುಂಬಿದ್ದು ಯಾವುದು ಎಂದು ಮುಂದಿನವರಿಗೆ ತಿಳಿಯಲಿ ಎಂದೇ ಈ ಶಿಸ್ತು. ನೆಟ್‌ವರ್ಕ್ ಕೊಡುವ ಮುಖದಲ್ಲಿ ಸಾಮಾನ್ಯವಾಗಿ ಕಂಸ ಇರುವುದಿಲ್ಲ. ಫೋಟೊದಿಂದ ಬಂದ ಹುಬ್ಬೂ ಸರಾಸರಿಯಿಂದ ಬಂದ ಮೂಗೂ ಒಂದೇ ನುಣುಪಿನಲ್ಲಿ ಕೂತಿರುತ್ತವೆ.

ವೀರಗಲ್ಲಿನ ಫೋಟೊವನ್ನು ಇದಕ್ಕೆ ಕೊಟ್ಟು 'ವೀರನ ಮುಖ ಸಿಕ್ಕಿತು' ಎನ್ನುವ ಆಸೆ ಯಾರಿಗಾದರೂ ಹುಟ್ಟಬಹುದು. ಅಲ್ಲಿ ತೊಡಕು ಇಮ್ಮಡಿ. ಉಬ್ಬುಶಿಲ್ಪದಲ್ಲಿ ಶಿಲ್ಪಿ ಆಳವನ್ನು ಬೇಕೆಂದೇ ಒತ್ತಿ ತೆಳುಮಾಡಿರುತ್ತಾನೆ. ತೆಳು ಉಬ್ಬುಶಿಲ್ಪ, ಪೂರ್ಣ ಶಿಲ್ಪ ಎರಡೂ ತಕ್ಕ ಬೆಳಕಿನಲ್ಲಿ ಎದುರಿನಿಂದ ಒಂದೇ ಥರ ಕಾಣಬಲ್ಲವು ಎಂದು ಬೆಲ್ಹ್ಯೂಮರ್, ಕ್ರೀಗ್‌ಮನ್, ಯೂಯಿಲ್ 1990ರ ದಶಕದಲ್ಲೇ ಗಣಿತದಿಂದ ತೋರಿಸಿದ್ದಾರೆ. ಜೀವಂತ ಮುಖಗಳನ್ನಷ್ಟೇ ಕಲಿತ ಯಂತ್ರ ಇಂಥ ಕಡೆ ಪೂರ್ಣ ಮುಖವನ್ನೇ ಆರಿಸುತ್ತೆ. ಶಿಲ್ಪಿಯ ಕೈಚಳಕ ಅಳಿಸಿಹೋಗುತ್ತೆ, ಸವೆದ ಜಾಗಕ್ಕೆ ಪರದೇಶದ ಸರಾಸರಿ ಬಂದು ಕೂರುತ್ತೆ.

ಬೆಂಗಳೂರಿನ ಮಿಥಿಕ್ ಸೊಸೈಟಿಯ ಶಾಸನ ಯೋಜನೆಯವರು ಹಿಡಿದಿರುವ ದಾರಿ ಬೇರೆ. ಕಲ್ಲಿನ ಮುಂದೆಯೇ ಸ್ಕ್ಯಾನರ್ ಹಿಡಿದು ಮೇಲ್ಮೈಯ ಏರುತಗ್ಗನ್ನು ಅಳೆಯುತ್ತಾರೆ. ಕ್ರಿ.ಶ. ಸುಮಾರು 750ರ ಹೆಬ್ಬಾಳದ ಕಿತ್ತಯ್ಯನ ಕಲ್ಲಿನಂಥದ್ದನ್ನು ಹೀಗೆ ಅಳೆದರೆ, ಮೂಗು ಸವೆದ ಕಡೆ ಕಂಪ್ಯೂಟರಿನ ಪ್ರತಿಯಲ್ಲೂ ಸವೆದೇ ಇರುತ್ತೆ.